ಎರಡನೆಯ ಗುಂಡಿ

ರಾತ್ರಿ ಹನ್ನೊಂದರ ಕರ್ಜತ್ ಲೋಕಲ್
ಭಾಂಡುಪಿನಲ್ಲಿ ನಿಲ್ಲದೆ ದಾಟುವ ಹೊತ್ತಿಗೆ
ನನ್ನ ಮೇಜಿನ ಮೇಲೆ ಮತ್ತೊಂದು ಹಸಿರು ಎಲೆ ಮೊಳೆಯುತ್ತದೆ:
"ಶುಭ ಸುದ್ದಿ, ವಾರಿಜಾ!
ನಿಮ್ಮ ತಂದೆ ಇನ್ನೂ ನಲವತ್ತೊಂದು ಮರಗಳಲ್ಲಿ ಸಿಕ್ಕಿದ್ದಾರೆ."

ಒಬ್ಬ ಅಪ್ಪನ ಜೊತೆ ಹೊಂದಿಕೊಂಡದ್ದೇ ಸಾಕಾಗಿತ್ತು ನಮಗೆ.

ಒಬ್ಬ ಫಿಜಿಯಲ್ಲಿ ಕಬ್ಬು ಕಡಿಯುತ್ತ ಸತ್ತಿದ್ದಾನೆ,
ಅಪ್ಪ ಹುಟ್ಟುವ ಹನ್ನೆರಡು ವರ್ಷ ಮೊದಲು.
ಒಬ್ಬನಿಗೆ ಲೆಸ್ಟರಿನಲ್ಲಿ ಮೂವರು ಹೆಂಡಿರು.
ಒಬ್ಬ ನನಗಿಂತ ಚಿಕ್ಕವನು, ಪುಣೆಯವನು,
ನಿನ್ನೆ ತಾನೇ ಮೊಮ್ಮಗಳ ನಾಮಕರಣದ ಚಿತ್ರ ಏರಿಸಿದ್ದಾನೆ.
ಎಲ್ಲರೂ ಟಿ. ಬಂಗೇರ.
ಹೆಚ್ಚಿನವರು ಹುಟ್ಟಿದ್ದು ಜೂನ್ ಒಂದು.

ಜೂನ್ ಒಂದು ಯಾರ ಹುಟ್ಟಿದ ದಿನವೂ ಅಲ್ಲವೆಂದು
ಯಂತ್ರಕ್ಕೆ ಯಾರು ಹೇಳಬೇಕು?
ಫೋರ್ಟಿನ ರಾತ್ರಿಶಾಲೆಯಲ್ಲಿ, ಹೋಟೆಲಿನ ಬಾಗಿಲೆಳೆದು
ಕೈಯ ಸಾಂಬಾರಿನ ವಾಸನೆ ಹೋಗದೆ ಸಾಲು ನಿಂತ ಹುಡುಗರನ್ನು
ಹೆಡ್ಮಾಸ್ತರರು ಕೇಳಿದರಂತೆ, ಹುಟ್ಟಿದ್ದು ಯಾವಾಗ?
"ನೆರೆ ಬಂದ ವರ್ಷ."
"ಕಪ್ಪು ದನ ಸತ್ತ ಮರುದಿನ."
"ಅಮ್ಮನಿಗೆ ಗೊತ್ತು."
ಅಮ್ಮ ಎರಡು ದಿನದ ಹಡಗಿನ ಆಚೆ.
ಮಾಸ್ತರರು ಕನ್ನಡಕ ಒರೆಸಿಕೊಂಡು
ಎಲ್ಲರನ್ನೂ ಒಂದೇ ದಿನ ಹೆತ್ತರು.

ಹೆಸರೂ ಹಾಗೆಯೇ. ಊರಿನ ತ್ಯಾಂಪ
ಗಲ್ಲಾದ ಧಣಿಗೆ "ಏ ಬಾಬು",
ಹಾಜರಿ ಪುಸ್ತಕದಲ್ಲಿ ಟಿ. ಬಂಗೇರ.
ಬಂಗೇರ ಅಜ್ಜಿಯ ಬಳಿ. ಅಜ್ಜ ಕೋಟ್ಯಾನ್.
ತಾಯಿಯದೇ ಮಕ್ಕಳಿಗೆ, ನಮ್ಮ ಕಟ್ಟು ಅದು.
ಯಂತ್ರ ಕೆಂಪು ಗುರುತು ಹಾಕುತ್ತದೆ:
"ತಂದೆ ಮಗನ ಉಪನಾಮ ಹೊಂದುತ್ತಿಲ್ಲ.
ಈ ಸಂಬಂಧವನ್ನು ಮರುಪರಿಶೀಲಿಸಿ."
ಅಬ್ಬು ಅಜ್ಜಿ ಇದ್ದಿದ್ದರೆ
ಹಿಡಿಸೂಡಿ ಹಿಡಿದು ಪರಿಶೀಲಿಸುತ್ತಿದ್ದಳು.

ಮೊದಮೊದಲು ನಾನೂ ಉತ್ತರ ಬರೆದೆ.
ಮೂವತ್ತೆರಡು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ
ತಪ್ಪು ನಂಬರಿನವರನ್ನು ಸರಿ ಮನೆಗೆ ಮುಟ್ಟಿಸಿದವಳು,
ವಿನಯಕ್ಕೇನೂ ಕಡಮೆಯಿಲ್ಲ.
ಆ ಕಡೆ ಯಾರೂ ಎತ್ತಲಿಲ್ಲ.
ಈಗ ಬರೇ ಗುಂಡಿ ಒತ್ತುತ್ತೇನೆ. ಅಲ್ಲ. ಅಲ್ಲ. ಅಲ್ಲ.
ಅಕ್ಕಿಯಿಂದ ಹೆಕ್ಕಿ ಎಸೆದ ಕಲ್ಲು
ವಾರ ಕಳೆದು ಊಟದ ನಡುವೆ ಹಲ್ಲಿಗೆ ಸಿಗುತ್ತದೆ.

ನನ್ನ ತಮ್ಮನನ್ನು ವ್ಯಾಂಕೂವರಿನ ಯಾರೋ
ತಮ್ಮ ಮರಕ್ಕೆ ಎತ್ತಿಕೊಂಡು ಹೋಗಿದ್ದಾರೆ.
ನಾಲ್ಕನೆಯ ವಯಸ್ಸಿಗೆ ಗಂಟಲುಮಾರಿಗೆ ಹೋದವನು.
ಅಲ್ಲಿ ಅವನಿಗೆ ಅರವತ್ತೆರಡು, ಹಲ್ಲಿನ ಡಾಕ್ಟರ್.
ಅದೊಂದಕ್ಕೆ ಮೂರು ದಿನ ಗುಂಡಿ ಒತ್ತಲಿಲ್ಲ.

ಇವತ್ತಿನದು ಮುಖದ ಹೊಂದಾಣಿಕೆ, ನೂರಕ್ಕೆ ತೊಂಬತ್ತನಾಲ್ಕು.
ದಾರ್ ಎಸ್ ಸಲಾಮಿನ ಯಾರದೋ ಅಜ್ಜ.
ಅಪ್ಪನ ಮೂಗಲ್ಲ, ಅಪ್ಪನ ಕಿವಿಯಲ್ಲ.
ಅಲ್ಲ, ಎನ್ನುವಷ್ಟರಲ್ಲಿ ಕೋಟು ಕಂಡಿತು.

ಭುಜಕ್ಕೆ ದೊಡ್ಡದು, ಎಡ ಜೇಬಿನ ಮೇಲೆ ಹರಿದು ಹೊಲಿದ ಗೆರೆ.
ಬಜಾರ್‌ಗೇಟ್ ಗಲ್ಲಿಯ ಸ್ಟುಡಿಯೊದ್ದು.
ಊರಿಗೆ ಫೋಟೊ ಕಳಿಸುವ ಹುಡುಗರಿಗೆಲ್ಲ ಅದೊಂದೇ,
ಬಾಡಿಗೆ ಎರಡಾಣೆ.
ಕೆಳಗಿನ ಚಡ್ಡಿ, ಬರಿಗಾಲು ಚಿತ್ರದಲ್ಲಿ ಬರುವುದಿಲ್ಲ.
"ಎರಡನೆಯ ಗುಂಡಿ ಇರಲಿಲ್ಲ ಮಗಾ," ಎನ್ನುತ್ತಿದ್ದ ಅಪ್ಪ.
ಸ್ಟುಡಿಯೊದ ಮುದುಕ ಅವನ ಕೈ ಹಿಡಿದು
ಎದೆಯ ಮೇಲೆ ಇಟ್ಟನಂತೆ:
ಇಧರ್ ರಖ್. ಹಿಲ್ನಾ ನಹೀ.
ಊರಲ್ಲಿ ಅಜ್ಜಿ ಆ ಚಿತ್ರ ನೋಡಿ ಅತ್ತಳಂತೆ,
ಮಗನಿಗೆ ಎದೆನೋವು ಎಂದು.

ಇವನ ಕೈಯೂ ಅಲ್ಲೇ ಇದೆ.

ಸಂಬಂಧ ಆರಿಸಿ, ಎನ್ನುತ್ತದೆ ಯಂತ್ರ.
ಪಟ್ಟಿ ಕೆಳಕೆಳಗೆ ಎಳೆದೆ.
ತಂದೆ, ಸೋದರ, ಮಲತಂದೆ, ದತ್ತು, ಸಾಕು.
ಕೋಟು ಇಲ್ಲ.
ಹೌದು ಒಂದು ಗುಂಡಿ, ಅಲ್ಲ ಒಂದು ಗುಂಡಿ.
ಕೊನೆಯ ಲೋಕಲೂ ಹೋಯಿತು.
ಕೈ ಎಲ್ಲಿಡಲಿ ಎಂದು ಕೇಳೋಣವೆಂದರೆ
ಆ ಸ್ಟುಡಿಯೊ ಈಗ
ಮೊಬೈಲ್ ಕವರಿನ ಅಂಗಡಿ.